ಸಿನಿಮಾ ಚೆನ್ನಾಗಿದೆಯೆಂದು ಹೆಂಡತಿಯನ್ನು ನಂಬಿಸುವುದು

ಒಂದು ಸಿನಿಮಾ ಚೆನ್ನಾಗಿಲ್ಲ ಎಂದು ಹೇಳುವುದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ. ಸುಮ್ಮನೆ ಮೂಗು ಮುರಿದರೆ ಸಾಕು. ಯಾರೂ ಸಾಕ್ಷಿ ಕೇಳುವುದಿಲ್ಲ, ಕಾರಣ ಕೇಳುವುದಿಲ್ಲ. ಸದ್ಯ, ಹೇಳಿ ಉಳಿಸಿದಿರಿ ಎಂದು ಖುಷಿಯಿಂದ ಮನೆಗೆ ಹೋಗುತ್ತಾರೆ. ಅದೇ ಚೆನ್ನಾಗಿದೆ ಎಂದು ಹೇಳಿ ನೋಡಿ, ಆ ಕ್ಷಣದಿಂದ ನಿಮ್ಮ ವಿಚಾರಣೆ ಶುರುವಾಗುತ್ತದೆ. ಏನು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ, ಫೈಟಿಂಗ್ ಇದೆಯೇ, ಅಳು ಜಾಸ್ತಿಯೇ, ಮಕ್ಕಳನ್ನು ಕರೆದುಕೊಂಡು ಹೋಗಬಹುದೇ. ಹೋಗಿ ಬಂದವರು ಮರುದಿನ ನಿಮ್ಮನ್ನು ನೋಡುವ ನೋಟವಂತೂ ಬೇರೆಯೇ. ಸಿನಿಮಾ ತೆಗೆದವನ ಮೇಲೆ ಬರಬೇಕಾದ ಸಿಟ್ಟೆಲ್ಲ ಶಿಫಾರಸು ಮಾಡಿದವನ ಮೇಲೆ ಬರುತ್ತದೆ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವರು ಅಪ್ಪ ಮಾಡಿಟ್ಟ ಹೊಲ ಕರಗಿಸುತ್ತಾರೆ, ಕೆಲವರು ಹೆಂಡತಿಯ ಬಂಗಾರ ಕರಗಿಸುತ್ತಾರೆ. ನಾನು ಕನ್ನಡದಲ್ಲಿ 'ಚೆನ್ನಾಗಿದೆ' ಎಂಬ ಅರ್ಥ ಕೊಡುವ ಅಷ್ಟೂ ಶಬ್ದಗಳನ್ನು ಕರಗಿಸಿ ಕುಳಿತವನು.

ಇದೆಲ್ಲ ನಡೆದದ್ದು ನಾನು ಕೊಟ್ಟೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ. ಊರಿನ ಕೆಲವು ಮನೆಗಳಿಗೆ ಕೇಬಲ್ಲಿನ ವೈರು ಬಂದಿತ್ತು, ಆದರೂ ಟಾಕೀಸಿಗೆ ಹೋಗುವ ಚಟ ಜನರನ್ನು ಇನ್ನೂ ಬಿಟ್ಟಿರಲಿಲ್ಲ. ಟಾಕೀಸಿನ ಮಾಲೀಕ ಬಸಣ್ಣ ಹಗಲೆಲ್ಲ ಶೇಂಗಾ ಮಂಡಿಯಲ್ಲಿ ಕೂರುವ ಮನುಷ್ಯ. ಸಿನಿಮಾವನ್ನೂ ಅವನು 'ಮಾಲು' ಎಂದೇ ಕರೆಯುತ್ತಿದ್ದ. ಈ ವಾರದ ಮಾಲು ಗಟ್ಟಿ ಐತಿ, ಹೋದ ವಾರದ ಮಾಲು ಜೊಳ್ಳು, ಎಂದೇ ಅವನ ಲೆಕ್ಕಾಚಾರ. ಅವನ ದೊಡ್ಡ ಸಂಕಟವೆಂದರೆ ಮಾಲು ನಮ್ಮೂರಿಗೆ ನೇರವಾಗಿ ಬರುತ್ತಿರಲಿಲ್ಲ. ಹರಪನಹಳ್ಳಿಯಲ್ಲಿ ಓಡಿ, ಹಡಗಲಿಯಲ್ಲಿ ನಡೆದು, ಹಗರಿಬೊಮ್ಮನಹಳ್ಳಿಯಲ್ಲಿ ಕುಂಟಿ, ಆಮೇಲೆ ರೀಲಿನ ಡಬ್ಬಿಗಳು ಬಸ್ಸಿನ ಟಾಪಿನ ಮೇಲೆ ಕೊಟ್ಟೂರಿಗೆ ಬಂದಿಳಿಯುತ್ತಿದ್ದವು. ನಮ್ಮಲ್ಲಿ ಮುಗಿದ ಮೇಲೆ ಕೂಡ್ಲಿಗಿಗೆ. ಡಬ್ಬಿ ಬರುವುದಕ್ಕೆ ಎಷ್ಟೋ ದಿನ ಮೊದಲೇ ಅದರ ಹಣೆಬರಹ ಬಂದು ಮುಟ್ಟಿರುತ್ತಿತ್ತು. ನಮ್ಮ ಭಾಗದಲ್ಲಿ ಪಕ್ಕದ ತಾಲ್ಲೂಕಿನಲ್ಲಿ ಬೀಗರಿಲ್ಲದ ಮನೆಯೇ ಇಲ್ಲ, ಸುದ್ದಿ ಅವರ ಬಾಯಿಂದಲೇ ಬರುತ್ತಿತ್ತು.

ಒಂದು ಸಂಜೆ ಬಸಣ್ಣ ಗುಲಾಬಿ ಬಣ್ಣದ ಒಂದು ಪಾಂಪ್ಲೆಟ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಸಿನಿಮಾದವರು ಎಲ್ಲ ಊರಿಗೂ ಕಳಿಸುವ ಪಾಂಪ್ಲೆಟ್ ಅದು. ಸಕುಟುಂಬ ಸಮೇತರಾಗಿ ನೋಡಿ ಆನಂದಿಸಬೇಕಾದ ಅದ್ದೂರಿ ಚಿತ್ರ ಎಂದು ಬರೆದಿತ್ತು. ಇದೇ ಮಾತನ್ನು ಹಗರಿಬೊಮ್ಮನಹಳ್ಳಿಯ ಟಾಕೀಸಿನವರು ವಾರವೆಲ್ಲ ಮೈಕಿನಲ್ಲಿ ಕೂಗಿಸಿದ್ದರಂತೆ. ಎರಡೂ ಊರಿನ ನಡುವಿನ ಹಳ್ಳಿಯವರು ಅದನ್ನು ನಂಬಿ ಅಲ್ಲಿಗೆ ಹೋಗಿ, ಸಕುಟುಂಬ ಸಮೇತರಾಗಿ ನಿದ್ದೆ ಮಾಡಿ ಬಂದಿದ್ದರಂತೆ. ಈಗ ಅವೇ ಹಳ್ಳಿಗಳಲ್ಲಿ ನಮ್ಮ ಟಾಕೀಸಿನ ಮೈಕಿನ ಆಟೋ ಅದೇ ಮಾತು ಕೂಗಿಕೊಂಡು ಹೋದರೆ ಕಲ್ಲು ಬೀಳುವುದೊಂದು ಬಾಕಿ.

"ಮಾಲಂತೂ ಬದ್ಲಾಗಂಗಿಲ್ಲ ಮೇಷ್ಟ್ರೇ, ಚೀಲನಾರ ಬದ್ಲಿ ಮಾಡಿ ಕೊಡ್ರಿ," ಎಂದ ಬಸಣ್ಣ.

ಅರ್ಥ ಅದೇ ಇರಬೇಕು, ಶಬ್ದ ಮಾತ್ರ ಒಂದೂ ಅದೇ ಇರಬಾರದು. ಕನ್ನಡ ಮೇಷ್ಟ್ರಿಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಏನು ಬೇಕು ಹೇಳಿ. ಶಾಲೆಯಲ್ಲಿ ನಾನು ಸಮಾನಾರ್ಥಕ ಪದ ಹೇಳಿಕೊಟ್ಟರೆ ಹುಡುಗರು ಆಕಳಿಸುತ್ತಿದ್ದರು. ಇಲ್ಲಿ ಊರಿನ ದೊಡ್ಡ ವ್ಯಾಪಾರಸ್ಥನೊಬ್ಬ ಮನೆ ಬಾಗಿಲಿಗೆ ಬಂದು ಅದನ್ನೇ ಬೇಡುತ್ತಿದ್ದಾನೆ. ಕಪಾಟಿನಿಂದ ನಿಘಂಟು ಇಳಿಸಿದೆ. 'ಬಂಧುಬಾಂಧವರೊಡಗೂಡಿ ವೀಕ್ಷಿಸಿ ಪುಳಕಿತರಾಗಬೇಕಾದ ವೈಭವೋಪೇತ ಕಥಾನಕ' ಎಂದು ಬರೆದುಕೊಟ್ಟೆ. ಬಸಣ್ಣ ಒಮ್ಮೆ ಓದಿಸಿಕೊಂಡು ಕೇಳಿ, ಅರ್ಥವಾಗಲಿಲ್ಲ, ಆದರೆ ಭಾರವಾಗಿದೆ ಎಂದು ತೂಕ ಮಾಡುವವನ ಧಾಟಿಯಲ್ಲಿ ಮೆಚ್ಚಿಕೊಂಡ. ಅಂದಿನಿಂದ ಪ್ರತಿ ವಾರ ನನಗೆ ಬಾಲ್ಕನಿಯಲ್ಲಿ ಎರಡು ಸೀಟಿನ ಪಾಸು ಖಾಯಂ ಆಯಿತು. ಮೈಕಿನ ಹುಸೇನ್ ಸಾಬಿ ಆಟೋದಲ್ಲಿ ನನ್ನ ವಾಕ್ಯಗಳನ್ನು ರಾಗವಾಗಿ ಹೇಳಿಕೊಂಡು ಹೊರಟರೆ, ನಾನು ಏನೋ ಕೆಲಸವಿದ್ದವನಂತೆ ಅಂಗಳಕ್ಕೆ ಬಂದು ನಿಲ್ಲುತ್ತಿದ್ದೆ. ಆಟೋ ಓಣಿಯ ತಿರುವು ದಾಟಿ ಶಬ್ದ ಕರಗುವವರೆಗೆ ಒಳಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ನಮ್ಮ ಹೆಡ್ ಮಾಸ್ಟರರು ಒಂದು ದಿನ ಸ್ಟಾಫ್ ರೂಮಿನಲ್ಲಿ, ಇತ್ತೀಚೆಗೆ ಟಾಕೀಸಿನ ಕನ್ನಡ ಬಹಳ ಸುಧಾರಿಸಿದೆ ಕಣ್ರೀ ಎಂದರು. ನಾನು ಚಹಾದ ಲೋಟದೊಳಗೆ ನೋಡುತ್ತ ನಾಚಿಕೊಂಡೆ.

ಒಮ್ಮೆ ಮಾತ್ರ ಕೈ ಸ್ವಲ್ಪ ಜಾಸ್ತಿಯೇ ಓಡಿತು. ಒಬ್ಬ ರೌಡಿಯ ಸಿನಿಮಾ ಬಂದಿತ್ತು. ಹೊಡೆದಾಟ, ಬಡಿದಾಟ, ಮಾರಾಮಾರಿ ಎಂಬ ಶಬ್ದಗಳೆಲ್ಲವೂ ಹಿಂದಿನ ಊರುಗಳಲ್ಲಿ ಖರ್ಚಾಗಿದ್ದವು. ನಾನು 'ದುಷ್ಟಸಂಹಾರದ ರೋಮಹರ್ಷಕ ಚರಿತ್ರೆ, ಮಾತೃಭಕ್ತನೊಬ್ಬನ ಮಹಿಮೆ, ಕಂಡು ಪುನೀತರಾಗಿರಿ' ಎಂದು ಬರೆದೆ. ಹುಸೇನ್ ಸಾಬಿ ಅದನ್ನು ಉಜ್ಜಿನಿಯ ಕಡೆಯ ಹಳ್ಳಿಗಳಲ್ಲಿ ಬಹಳ ಭಕ್ತಿಯಿಂದ ಹೇಳಿದ. ಮರುದಿನ ಮ್ಯಾಟಿನಿಗೆ ಒಂದು ಟ್ರ್ಯಾಕ್ಟರ್ ತುಂಬ ಅಜ್ಜಿಯರು ಬಂದಿಳಿದರು. ತಲೆಗೆ ಸ್ನಾನ ಮಾಡಿ, ಮಡಿ ಸೀರೆಯುಟ್ಟು, ಕೈಯಲ್ಲಿ ತೆಂಗಿನಕಾಯಿ, ಊದಿನಕಡ್ಡಿ, ಕರ್ಪೂರ. ದೇವರ ಸಿನಿಮಾ ಬಂದರೆ ಪರದೆಗೆ ಆರತಿ ಬೆಳಗುವುದು ನಮ್ಮ ಕಡೆ ಇದ್ದದ್ದೇ. ಚಪ್ಪಲಿಗಳನ್ನು ಹೊರಗೆ ಸಾಲಾಗಿ ಬಿಟ್ಟು ಒಳಗೆ ಹೋದರು. ಗೇಟಿನಲ್ಲಿ ನಿಂತಿದ್ದ ಬಸಣ್ಣನಿಗೆ ತಡೆಯಲು ಧೈರ್ಯ ಸಾಲಲಿಲ್ಲ. ಟೈಟಲ್ಲು ಬಂದ ಕೂಡಲೇ ಕಾಯಿ ಒಡೆದರಂತೆ. ಆಮೇಲೆ ಪರದೆಯ ಮೇಲೆ ಬಂದದ್ದು ಹೆಂಡದಂಗಡಿ, ಅದರಲ್ಲಿ ಅರೆಬಟ್ಟೆಯ ಒಬ್ಬಳು ಕುಣಿಯುವುದು. ನಾನು ಈ ಸುದ್ದಿ ಕೇಳಿ ಶಾಲೆಯಿಂದ ಮನೆಗೆ ಬಳಸುದಾರಿಯಲ್ಲಿ ಬಂದೆ. ಆದರೆ ಆ ತಾಯಂದಿರ ದೊಡ್ಡ ಗುಣ ನೋಡಿ, ಕೊನೆಯವರೆಗೂ ಕುಳಿತು ನೋಡಿದರು. ಕೊನೆಗೆ ಆ ರೌಡಿ ತಾಯಿಯ ಕಾಲಿಗೆ ಬಿದ್ದು ಅತ್ತನಲ್ಲ, ಅಲ್ಲಿಗೆ ಅವರ ಕರ್ಪೂರ ಸಾರ್ಥಕವಾಯಿತು. ಹೊರಗೆ ಬರುವಾಗ ಒಬ್ಬಜ್ಜಿ ಬಸಣ್ಣನಿಗೆ, ದೇವರು ಕಡೆಗೂ ಬರಲೇ ಇಲ್ಲ, ಇರಲಿ, ಹುಡುಗ ಒಳ್ಳೆಯವನು ಎಂದು ಹೇಳಿ, ಒಡೆದ ಕಾಯಿಯ ಒಂದು ಹೋಳು ಕೈಗಿತ್ತು ಹೋದಳಂತೆ.

ಇನ್ನು ನನ್ನ ಹೆಂಡತಿ ಗಿರಿಜೆಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿದ್ದು ಅವಳ ವಿಷಯ ಹೇಳುವುದಕ್ಕೇ. ಅವಳ ತವರು ಹಡಗಲಿ. ಅವಳ ಅಕ್ಕನನ್ನೂ ಅದೇ ಊರಿಗೆ ಕೊಟ್ಟಿದೆ. ಹಡಗಲಿಯ ಮಲ್ಲಿಗೆ ನಮ್ಮ ಸುತ್ತಮುತ್ತಲ ಊರುಗಳಲ್ಲೆಲ್ಲ ಹೆಸರುವಾಸಿ. ಆ ಅಕ್ಕ ಆಗಾಗ ತಂಗಿಗೆಂದು ಒಂದಿಷ್ಟು ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಸುತ್ತಿ, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದಳು. ಹೂವಿನ ಜೊತೆಗೆ ಸಿನಿಮಾದ ವಿಷಯವಾಗಿ ಒಂದು ಮಾತನ್ನೂ ಕಳಿಸುತ್ತಿದ್ದಳು. ಹಡಗಲಿಯಲ್ಲಿ ಸಿನಿಮಾ ಮೊದಲು ಬರುತ್ತದಲ್ಲ, ಅವಳು ನೋಡಿಯಾಗಿರುತ್ತಿತ್ತು. ಹೂವಿನ ಪೊಟ್ಟಣ ಇಸಿದುಕೊಳ್ಳಲು ನಾನು ಬಸ್ ಸ್ಟ್ಯಾಂಡಿಗೆ ಹೋದರೆ ಕಂಡಕ್ಟರ್ ಕಿಟಕಿಯಿಂದ ಬಗ್ಗಿ ಅಕ್ಕನ ಅಪ್ಪಣೆ ಹೇಳುತ್ತಿದ್ದ. ಅವಳ ಬಳಿ ಇದ್ದದ್ದು ಎರಡೇ ಶಬ್ದ. ಒಂದು 'ಹೋಗು', ಇನ್ನೊಂದು 'ಬ್ಯಾಡ'. ನಿಘಂಟು ತಿರುವಿ ನಾನು ಕಟ್ಟಿದ ವಾಕ್ಯಗಳಿಗೆ ಸಿಗದ ಬೆಲೆ ಆ ಎರಡು ಶಬ್ದಗಳಿಗೆ ನಮ್ಮ ಮನೆಯಲ್ಲಿ ಇತ್ತು. ನನ್ನ ಪಾಸಿನಲ್ಲೇ ಹೋಗುವ ಗಿರಿಜೆ, ಹೋಗಬೇಕೋ ಬೇಡವೋ ಎಂಬುದನ್ನು ಮಾತ್ರ ಕಂಡಕ್ಟರನಿಂದ ತಿಳಿದುಕೊಳ್ಳುತ್ತಿದ್ದಳು.

ಅಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಟಾಕೀಸಿನ ಭಾಷೆ ನನಗೆ ಗೊತ್ತಿಲ್ಲದಂತೆ ಮನೆಯೊಳಕ್ಕೂ ಬಂದುಬಿಟ್ಟಿತ್ತು. ಒಂದು ದಿನ ಬದನೆಕಾಯಿ ಎಣ್ಣೆಗಾಯಿ ನಿಜಕ್ಕೂ ಬಾಯಲ್ಲಿ ಕರಗುವ ಹಾಗಿತ್ತು. ಅಮೋಘವಾಗಿದೆ ಎಂದೆ. ಅವಳು ಸೌಟು ಹಿಡಿದವಳು ಹಾಗೇ ನಿಂತು, ಅಮೋಘ ಎಂದರೆ ಮೂರೇ ದಿನಕ್ಕೆ ಎತ್ತಿಬಿಟ್ಟ ಆ ಅವಳಿ ಜವಳಿ ಸಿನಿಮಾ ಅಲ್ಲವೇ ಎಂದು ಕೇಳಿದಳು. ಹಬ್ಬಕ್ಕೆ ಉಟ್ಟ ಸೀರೆ ನೋಡಿ ಮನೋಹರ ಎಂದೆ. ಅದು ಜನ ಅರ್ಧಕ್ಕೇ ಎದ್ದು ಹೋದ ಹಾವಿನ ಸಿನಿಮಾ ಎಂದು ನೆನಪಿಸಿದಳು. ಒಂದೊಂದು ಶಬ್ದಕ್ಕೂ ಅವಳ ಮನಸ್ಸಿನಲ್ಲಿ ಒಂದೊಂದು ಸೋತ ಸಿನಿಮಾ ಅಂಟಿಕೊಂಡಿತ್ತು. ಮೊದಮೊದಲು ಇಬ್ಬರೂ ನಗುತ್ತಿದ್ದೆವು. ಆಮೇಲೆ ಅವಳೊಬ್ಬಳೇ ನಗುತ್ತಿದ್ದಳು. ಕೊನೆಕೊನೆಗೆ ಅವಳೂ ನಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳು ಅಕ್ಕನ ಮೊಮ್ಮಗುವಿಗೆಂದು ಒಂದು ಕೌದಿ ಹೊಲಿದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಕೈಯಲ್ಲೇ ಹೊಲಿಯುವ ಕೆಲಸ ಅದು. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಪಡಸಾಲೆಯಲ್ಲಿ ಕುಳಿತು, ಮೂಲೆಗೊಂದು ಬಣ್ಣ, ನಡುವೆ ಒಂದು ನವಿಲು ಎಂದು ಬೆರಳು ಚುಚ್ಚಿಸಿಕೊಳ್ಳುತ್ತ ಹೊಲಿದಿದ್ದಳು. ಮುಗಿದ ದಿನ ನನ್ನ ಮುಂದೆ ಹಾಸಿ ಹೇಗಿದೆ ಎಂದು ಕೇಳಿದಳು. ನಿಜವಾಗಿಯೂ ಅಷ್ಟು ಚೆಂದದ ಕೌದಿಯನ್ನು ನಾನು ನೋಡಿರಲಿಲ್ಲ. ಅಪೂರ್ವ ಎಂದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕೌದಿ ಮಡಚಿ, ಅಕ್ಕ ನೋಡಿ ಹೇಳುತ್ತಾಳೆ ಬಿಡಿ ಎಂದು ಟ್ರಂಕಿನಲ್ಲಿಟ್ಟಳು. ನನಗೆ ಬಹಳ ನೋವಾಯಿತು. ಮನೆಯಲ್ಲಿ ಗಂಡನ ಬೈಗುಳಕ್ಕೆ ಬೆಲೆ ಇಲ್ಲದಿದ್ದರೆ ನಡೆಯುತ್ತದೆ, ಅದರಿಂದ ಸಂಸಾರಕ್ಕೆ ಲಾಭವೇ. ಅವನ ಮೆಚ್ಚುಗೆಗೆ ಬೆಲೆ ಇಲ್ಲದಿದ್ದರೆ ಅವನು ಮನೆಯಲ್ಲಿ ಇದ್ದೂ ಏನು ಉಪಯೋಗ.

ಹೀಗಿರುವಾಗಲೇ ಆ ಸಿನಿಮಾ ಬಂದದ್ದು. ಹೂವಿನ ಜೊತೆ ಕಂಡಕ್ಟರ್ 'ಬ್ಯಾಡ' ಎಂದು ಹೇಳಿಯಾಗಿತ್ತು. ಅಕ್ಕ ಆ ಸಲ ಎಂದಿಲ್ಲದ ಉದಾರತೆಯಿಂದ ಕಾರಣವನ್ನೂ ಕಳಿಸಿದ್ದಳು. ಅದರಲ್ಲಿ ಏನೂ ಆಗುವುದೇ ಇಲ್ಲವಂತೆ. ಬಸಣ್ಣನೂ ತಲೆಯ ಮೇಲೆ ಕೈಹೊತ್ತು, ಈ ಮಾಲಿಗೆ ಯಾವ ಚೀಲ ಹಾಕಿದರೂ ಅಷ್ಟೇ, ಭಾನುವಾರ ಎತ್ತಿ ಕೂಡ್ಲಿಗಿಗೆ ಕಳಿಸುತ್ತೇನೆ ಎಂದ. ಬರೆಯುವ ಮುಂಚೆ ಒಮ್ಮೆ ನೋಡೋಣವೆಂದು ಶುಕ್ರವಾರದ ಮ್ಯಾಟಿನಿಗೆ ನಾನೊಬ್ಬನೇ ಹೋದೆ. ಬಾಲ್ಕನಿಯಲ್ಲಿ ನಾನು, ಕೆಳಗೆ ಬಿಸಿಲಿಗೆ ಹೆದರಿ ಬಂದ ನಾಲ್ಕಾರು ಜನ. ಸಣ್ಣ ಊರಿನ ಒಬ್ಬ ಗುಮಾಸ್ತ, ಅವನ ಹೆಂಡತಿ, ಒಂದು ಬಾಡಿಗೆ ಮನೆ, ಇಷ್ಟೇ ಸಿನಿಮಾ. ಅವನು ಕಚೇರಿಗೆ ಹೋಗುತ್ತಾನೆ, ಅವಳು ಅಡುಗೆ ಮಾಡುತ್ತಾಳೆ, ಅವನು ಬರುತ್ತಾನೆ, ಉಣ್ಣುತ್ತಾರೆ. ಅಕ್ಕ ಹೇಳಿದ್ದು ಸುಳ್ಳಲ್ಲ. ಆದರೆ ಒಂದು ಕಡೆ ಪರದೆಯ ಮೇಲೆ ನನಗೆ ನಮ್ಮ ಮನೆಯೇ ಕಂಡಿತು. ಸಿನಿಮಾ ಮುಗಿದು ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಕುಳಿತೇ ಇದ್ದೆ. ಇದನ್ನು ಗಿರಿಜೆ ನೋಡಬೇಕು ಎಂಬ ಒಂದೇ ಯೋಚನೆ ತಲೆಯಲ್ಲಿತ್ತು.

ಸಂಜೆ ಬಸಣ್ಣನಿಗೆ ಬರೆದುಕೊಡಲು ಕುಳಿತೆ. ಉತ್ತಮ ಎಂದರೆ ಜೊಳ್ಳು, ಶ್ರೇಷ್ಠ ಎಂದರೆ ಹಳಸಲು, ಅದ್ಭುತ ಎಂದರೆ ಅದ್ಭುತವಲ್ಲ ಎಂದು ಆ ಹೊತ್ತಿಗೆ ಊರಿಗೇ ಗೊತ್ತಿತ್ತು. ಯಾವ ಶಬ್ದ ಎತ್ತಿದರೂ ನಾನೇ ಹಿಂಡಿ ಬಿಸಾಕಿದ ನಿಂಬೆ ಹೋಳು. ಕೊನೆಗೆ 'ಒಳ್ಳೆಯ ಸಿನಿಮಾ, ಬಂದು ನೋಡಿ' ಎಂದಷ್ಟೇ ಬರೆದು ಕೊಟ್ಟೆ. ಬಸಣ್ಣ ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದ. ಮೈಯಲ್ಲಿ ಆರಾಮಿಲ್ಲವೇ ಎಂದು ವಿಚಾರಿಸಿದ. ಇಷ್ಟು ಹಗುರ ಮಾತು ನಂಬಿ ಯಾರು ಬರುತ್ತಾರೆ ಎಂದು ಪಾಂಪ್ಲೆಟ್ಟಿನ ಮಾತನ್ನೇ ಹುಸೇನ್ ಸಾಬಿಗೆ ಕೊಟ್ಟು ಕಳಿಸಿದ.

ಊರು ಹಾಳಾಗಲಿ, ನನಗೆ ಒಬ್ಬಳು ನಂಬಿದರೆ ಸಾಕಾಗಿತ್ತು. ಶನಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ, ಸಂಜೆ ಸಿನಿಮಾಕ್ಕೆ ಹೋಗೋಣವೇ ಎಂದು ಕೇಳಿದೆ. ಅಕ್ಕ ಬೇಡ ಎಂದಿದ್ದಾಳಲ್ಲ ಎಂದಳು. ಅಕ್ಕನಿಗೆ ಹಿಡಿಸದಿದ್ದರೇನು, ನನಗೆ ಹಿಡಿಸಿದೆ ಎಂದೆ. ನಿಮಗೆ ಯಾವುದು ಹಿಡಿಸಿಲ್ಲ ಹೇಳಿ ಎಂದು ಒಲೆಯ ಮುಂದೆ ಸಾರಿಸತೊಡಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಗಿದ್ದು. ನಿಜಕ್ಕೂ ಚೆನ್ನಾಗಿದೆ ಎಂದೆ. ಆಣೆ ಮಾಡಿ ಹೇಳುತ್ತೇನೆ ಎಂದೆ. ಹೇಳಿದಷ್ಟೂ ನನ್ನ ಮಾತು ಹುಸೇನ್ ಸಾಬಿಯ ಮೈಕಿನಿಂದ ಬಂದಂತೆ ನನಗೇ ಕೇಳಿಸುತ್ತಿತ್ತು. ಹೊಗಳುವುದನ್ನು ಬಿಟ್ಟೆ. ಸಿನಿಮಾದಲ್ಲಿ ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ.

"ಅದರಾಗ ಒಬ್ಬಾಕಿ ಅದಾಳ ಗಿರಿಜಾ. ರೊಟ್ಟಿ ಬಡೀತಾಳ. ಹೊತ್ತಿದ ರೊಟ್ಟಿ ಬುಟ್ಟಿ ತಳಕ್ಕ ಇಟ್ಟು, ಚಲೋವು ಮ್ಯಾಲೆ ಮ್ಯಾಲೆ ಗಂಡಗ ಹಾಕ್ತಾಳ. ಅವ ಎದ್ದು ಹ್ವಾದ ಮ್ಯಾಲೆ ತಳದ್ದು ತಗದು ತಾನು ತಿಂತಾಳ. ನಿನ್ನಂಗ."

ಸಾರಿಸುತ್ತಿದ್ದ ಕೈ ನಿಂತಿತು. ಅವಳು ತಿರುಗಲಿಲ್ಲ.

"ನೀವು ಅದನ್ನ ನೋಡೀರೇನು?" ಎಂದಳು.

ಸಿನಿಮಾದಲ್ಲಿ ನೋಡಿದೆನೇ ಎಂದು ಕೇಳಿದ್ದಲ್ಲ ಅದು. ಇಷ್ಟು ವರ್ಷ ನಮ್ಮ ಮನೆಯ ಬುಟ್ಟಿಯ ತಳ ನನ್ನ ಕಣ್ಣಿಗೆ ಬಿದ್ದಿತ್ತೇ ಎಂದು ಕೇಳಿದ್ದು. ದಿನಾ ನೋಡೀನಿ ಎಂದೆ. ಅವಳು ಉಳಿದಷ್ಟನ್ನು ಸಾರಿಸಿ ಮುಗಿಸಿದಳು. ಆಮೇಲೆ ಕೈ ತೊಳೆದುಕೊಂಡು ಸೆರಗಿಗೆ ಒರೆಸುತ್ತ, ಆಟ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಮುಚ್ಚಂಜೆಯ ಆಟಕ್ಕೆ ಹೋದೆವು. ಕಂಡಕ್ಟರ್ ಬೇಡವೆಂದ ಸಿನಿಮಾಕ್ಕೆ ಗಿರಿಜೆ ಹೋದದ್ದು ಅದೇ ಮೊದಲು. ಅಕ್ಕ ಕಳಿಸಿದ ಮಲ್ಲಿಗೆಯನ್ನೇ ಮುಡಿದು ಅಕ್ಕನ ಮಾತು ಮೀರಿ ಹೊರಟಿದ್ದಳು. ಬಾಲ್ಕನಿಯಲ್ಲಿ ನಾವಿಬ್ಬರೇ. ನಾನು ಪರದೆ ನೋಡಲಿಲ್ಲ, ಅವಳನ್ನು ನೋಡುತ್ತಿದ್ದೆ. ಪರೀಕ್ಷೆ ಬರೆಯುವ ಹುಡುಗನಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತಿತ್ತು. ಆ ರೊಟ್ಟಿಯ ಜಾಗ ಬಂದಾಗ ಅವಳು ಮುಂದಕ್ಕೆ ಬಾಗಿ ಕುಳಿತಳು. ಕಣ್ಣೊರೆಸಿಕೊಂಡಳೋ, ಮಲ್ಲಿಗೆ ಸರಿಮಾಡಿಕೊಂಡಳೋ ಕತ್ತಲೆಯಲ್ಲಿ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗದೆಯೇ ನನ್ನ ಕೈ ಹುಡುಕಿ ಹಿಡಿದುಕೊಂಡಳು. ನನಗೆ ಆಗ ಆದ ಸಂತೋಷಕ್ಕೆ ನಿಘಂಟಿನಲ್ಲಿ ಶಬ್ದವಿದ್ದರೆ ಅದನ್ನು ನಾನು ಇನ್ನೂ ಯಾವ ಸಿನಿಮಾಕ್ಕೂ ಕೊಟ್ಟಿಲ್ಲ.

ಮನೆಗೆ ನಡೆದು ಬರುವಾಗ ಮಿರ್ಚಿಯ ಅಂಗಡಿಯ ಹತ್ತಿರ ಸಿನಿಮಾ ಹೇಗಿತ್ತು ಎಂದು ಕೇಳಿಯೇಬಿಟ್ಟೆ. ಚಲೋ ಇತ್ತು ಎಂದಳು. ಅಷ್ಟೇ. ನಾಲ್ಕು ಹೆಜ್ಜೆ ಹೋದ ಮೇಲೆ, ಆ ಹೆಂಗಸು ಮಾತ್ರ ದಡ್ಡಿ ಎಂದು ಸೇರಿಸಿದಳು. ಯಾಕೆ ಎಂದರೆ ಬಿರಬಿರನೆ ಮುಂದೆ ನಡೆದಳು. ಭಾನುವಾರ ಆ ಸಿನಿಮಾ ಎತ್ತಿದರು. ಟಾಪಿನ ಮೇಲೆ ಡಬ್ಬಿ ಹೊತ್ತ ಬಸ್ಸು ಕೂಡ್ಲಿಗಿಯ ದಾರಿ ಹಿಡಿಯಿತು.

ಅದೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತೆ. ಅಂದು ಗಿರಿಜೆ ನನ್ನ ಎದುರಿಗೇ ತಾನೂ ತಟ್ಟೆ ಹಾಕಿಕೊಂಡು ಕುಳಿತಳು. ಬುಟ್ಟಿಯ ತಳಕ್ಕೆ ಕೈಹಾಕಿ, ಒಂದು ಮಗ್ಗುಲು ಪೂರ್ತಿ ಕಪ್ಪಾದ ರೊಟ್ಟಿಯನ್ನು ತೆಗೆದು ನನ್ನ ತಟ್ಟೆಗೆ ಹಾಕಿದಳು. ಮೇಲಿನ ಬಿಳಿ ರೊಟ್ಟಿ ತಾನಿಟ್ಟುಕೊಂಡಳು. ನಾನು ತಲೆಯೆತ್ತಿ ನೋಡಿದೆ.

"ದಿನಾ ನೋಡೀನಿ ಅಂದ್ರೆಲ್ಲ," ಎಂದಳು ಪಲ್ಯ ಬಡಿಸುತ್ತ. "ನೋಡೀ ನೋಡೀ ಸುಮ್ನಿದ್ರಿ. ಇನ್ನ ಮ್ಯಾಲೆ ತಿಂದು ನೋಡ್ರಿ."

ಮುರಿದು ಬಾಯಿಗಿಟ್ಟೆ. ಅವಳು ತನ್ನ ರೊಟ್ಟಿಯನ್ನು ಮುಟ್ಟದೆ ನನ್ನ ಮುಖವನ್ನೇ ನೋಡುತ್ತ, ಹೆಂಗೈತ್ರಿ ಎಂದು ಕೇಳಿದಳು. ಅಭ್ಯಾಸಬಲ ನೋಡಿ, ನಾಲಿಗೆಯ ತುದಿಗೆ ಸಂಸ್ಕೃತದ ಒಂದು ಭಾರಿ ಶಬ್ದ ಬಂದು ಕುಳಿತಿತ್ತು. ಅದನ್ನು ರೊಟ್ಟಿಯ ಜೊತೆಗೇ ನುಂಗಿ, ಹೊತ್ತೈತಿ ಎಂದೆ. ಹೌದು, ಹೊತ್ತೈತಿ ಎಂದು ಅವಳು ತುಂಬ ಸಮಾಧಾನದಿಂದ ಒಪ್ಪಿಕೊಂಡು ತನ್ನ ರೊಟ್ಟಿ ಮುರಿದಳು. ಬಸಣ್ಣನಿಗೆ ಬರೆಯತೊಡಗಿದಂದಿನಿಂದ ಅವಳ ಅಡುಗೆಯ ಬಗ್ಗೆ ನಾನು ಹೇಳಿದ ಒಂದು ಮಾತನ್ನು ಅವಳು ಅನುಮಾನವಿಲ್ಲದೆ ನಂಬಿದ್ದು ಅದೇ ಮೊದಲು. ಇಷ್ಟು ಕಷ್ಟಪಟ್ಟು ಸಂಪಾದಿಸಿದ ನಂಬಿಕೆ ಕೆಡಬಾರದೆಂದು ಇವತ್ತಿಗೂ ನಮ್ಮ ಮನೆಯಲ್ಲಿ ಬುಟ್ಟಿಯ ತಳದ ರೊಟ್ಟಿಯನ್ನು ನಾನೇ ತಿನ್ನುತ್ತಿದ್ದೇನೆ.